20 ವರ್ಷ ಹಳೇ ಸೀ-ಡೂ ಆರ್‌ಎಕ್ಸ್‌ಪಿ ತಗೊಂಡ ಕಥೆ: ಸೂಪರ್‌ಚಾರ್ಜರ್ ಹಿಸ್ಟರಿ ಕೇಳದೆ ದುಡ್ಡು ಕೊಡ್ಬೇಡಿ

ಆರ್‌ಎಕ್ಸ್ ಅಂದ್ರೆ ನಮ್ಮ ಮಂಡ್ಯ ಕಡೆಯವರಿಗೆ ಮೊದ್ಲು ನೆನಪಾಗೋದು ಯಮಹಾ ಆರ್‌ಎಕ್ಸ್ 100, ಆ ಸೌಂಡು, ಆ ಪಿಕಪ್ಪು. ನಾನೀಗ ಬರೀತಿರೋದು ಬೇರೆ ಆರ್‌ಎಕ್ಸ್ ಬಗ್ಗೆ. ಸೀ-ಡೂ ಆರ್‌ಎಕ್ಸ್‌ಪಿ, 2005ರ ಮಾಡೆಲ್ಲು, ನೀರಿನ ಮೇಲೆ ಓಡೋದು, ಇಬ್ಬರು ಕೂರೋ ಸೀಟು, 215 ಹಾರ್ಸ್‌ಪವರ್. ಎಲ್ರೂ ಜೆಟ್ ಸ್ಕೀ ಅಂತಾರೆ, ನಿಜ ಹೇಳ್ಬೇಕು ಅಂದ್ರೆ ಜೆಟ್ ಸ್ಕೀ ಅನ್ನೋದು ಕವಾಸಕಿಯವರ ಹೆಸರು, ಆದ್ರೆ ಯಾವ ನೀರಿನ ಬಾಟಲ್ ಆದ್ರೂ ನಾವು ಬಿಸ್ಲೇರಿ ಅನ್ನಲ್ವಾ, ಹಂಗೆ ಇದೂ.

ನಾವಿರೋದು ಅಟ್ಲಾಂಟಾದಿಂದ ಉತ್ತರಕ್ಕೆ, ಕಮಿಂಗ್ ಅನ್ನೋ ಊರಲ್ಲಿ, ಲೇಕ್ ಲೇನಿಯರ್ ಪಕ್ಕಾನೇ ಅನ್ನಿ. ಬೇಸಿಗೆಯಲ್ಲಿ ಕೆರೆ ಹತ್ರ ಹೋದ್ರೆ ನಮ್ಮ ಜನ ಚಿತ್ರಾನ್ನ ಡಬ್ಬಿ ತೆಗೆದು ಕೂತಿರ್ತಾರೆ, ಮುಂದೆ ನೀರಲ್ಲಿ ಈ ಗಾಡಿಗಳು ಸುಂಯ್ ಅಂತ ಹೋಗ್ತಾ ಇರ್ತವೆ. ಎರಡು ವರ್ಷ ಬಾಡಿಗೆಗೆ ತಗೊಂಡು ಓಡಿಸ್ದೆ. ಗಂಟೆ ಲೆಕ್ಕದಲ್ಲಿ ದುಡ್ಡು ಕಟ್ಟಿ ಕಟ್ಟಿ ಸಾಕಾಯ್ತು, ಸ್ವಂತದ್ದೇ ಒಂದು ಇರ್ಲಿ ಅನ್ನಿಸ್ತು. ಹೊಸ ಆರ್‌ಎಕ್ಸ್‌ಪಿ-ಎಕ್ಸ್ 325 ಹಾರ್ಸ್‌ಪವರ್ ಬರುತ್ತೆ, ಆದ್ರೆ ಆ ರೇಟಿಗೆ ಒಳ್ಳೆ ಕಂಡೀಷನ್ ಸೆಕೆಂಡ್ ಹ್ಯಾಂಡ್ ಕ್ಯಾಮ್ರಿ ಮನೆ ಮುಂದೆ ನಿಲ್ಲಿಸ್ಬೋದು. ಹಂಗಾಗಿ ಹಳೇದರ ಬೇಟೆ.

ಈ ಮೊದಲ ಆರ್‌ಎಕ್ಸ್‌ಪಿ ಬಂದಿದ್ದು 2004ರಲ್ಲಿ. ಆಗ ಇದೇ ರಾಜ. ರೋಟ್ಯಾಕ್ಸ್ ಕಂಪನಿಯ ಮೂರು ಸಿಲಿಂಡರ್ ಫೋರ್ ಸ್ಟ್ರೋಕ್ ಇಂಜಿನ್, 1500 ಸಿಸಿ ಹತ್ರ, ಅದರ ಮೇಲೆ ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಸೂಪರ್‌ಚಾರ್ಜರ್, ಆ ಗಾಳಿನ ತಣ್ಣಗೆ ಮಾಡೋ ಇಂಟರ್‌ಕೂಲರ್. ಅವತ್ತಿನ ಕಾಲಕ್ಕೆ ಗಂಟೆಗೆ 67 ಮೈಲಿ ಆಸುಪಾಸು ಹೋಗ್ತಿತ್ತು, ನಮ್ಮ ಲೆಕ್ಕದಲ್ಲಿ 108 ಕಿಲೋಮೀಟರ್, ಅದೂ ನೀರಿನ ಮೇಲೆ. ಅದಕ್ಕೂ ಮುಂಚಿನ ಜೋರು ಗಾಡಿಗಳೆಲ್ಲ ಬಹುಪಾಲು ಟೂ ಸ್ಟ್ರೋಕು, ಹೊಗೆ, ಎಣ್ಣೆ ವಾಸನೆ. ಇದು ಬಂದ್ಮೇಲೆ ಆಟವೇ ಬದಲಾಯ್ತು.

ಸರಿ, ಒಂದು ಜಾಹೀರಾತು ಸಿಕ್ತು. ಟ್ರೇಲರ್ ಸಮೇತ 4,500 ಡಾಲರ್, ಮೀಟರ್‌ನಲ್ಲಿ 112 ಗಂಟೆ ಅಷ್ಟೇ. ಇದರಲ್ಲಿ ಕಿಲೋಮೀಟರ್ ಲೆಕ್ಕ ಇಲ್ಲ, ಇಂಜಿನ್ ಎಷ್ಟು ಗಂಟೆ ಓಡಿದೆ ಅನ್ನೋದೇ ಲೆಕ್ಕ. 20 ವರ್ಷಕ್ಕೆ 112 ಗಂಟೆ ಅಂದ್ರೆ ಬಾಯಲ್ಲಿ ನೀರು ಬರುತ್ತೆ ಅಲ್ವಾ. ನನಗೂ ಬಂತು. ನೋಡೋಕೆ ಹೊರಡೋ ಹಿಂದಿನ ರಾತ್ರಿ ನಮ್ಮ ಸೋದರಮಾವಂಗೆ ವಾಟ್ಸಾಪ್ ಕಾಲ್ ಮಾಡ್ದೆ. ಅವರದು ಮದ್ದೂರಲ್ಲಿ ಟೂ ವೀಲರ್ ಗ್ಯಾರೇಜು, ಜೀವಮಾನದಲ್ಲಿ ಜೆಟ್ ಸ್ಕೀ ಮುಟ್ಟಿಲ್ಲ. ಆದ್ರೂ ಅವರು ಹೇಳಿದ್ದೇ ಕೊನೆಗೆ ಕೆಲಸಕ್ಕೆ ಬಂದಿದ್ದು. "ಮೊದ್ಲು ಇಂಜಿನ್ ಮುಟ್ ನೋಡ್ಲಾ, ಬೆಚ್ಚಗಿದ್ರೆ ಅವ್ನು ನೀನ್ ಬರಕ್ ಮುಂಚೆನೇ ಸ್ಟಾರ್ಟ್ ಮಾಡವ್ನೆ ಅಂತ. ಇನ್ನೊಂದು, ಕಮ್ಮಿ ಓಡೈತೆ ಅಂತ ಕುಣೀಬ್ಯಾಡ, ನಿಂತ ಗಾಡಿನೇ ಜಾಸ್ತಿ ಕೆಡದು ಕಣ್ಲಾ."

ಹೋದೆ. ಸೀಟ್ ಎತ್ತಿ ಕೈ ಇಟ್ಟೆ, ಇಂಜಿನ್ ತಣ್ಣಗಿತ್ತು. ಒಂದು ಮಾರ್ಕ್ಸ್. ಹಿಂದೆ ಹಲ್ ಮೇಲೆ, ಅಂದ್ರೆ ಗಾಡಿಯ ಹೊರಮೈ ಮೇಲೆ ಕೆತ್ತಿರೋ ನಂಬರ್ ನೋಡ್ದೆ, ವೈಡಿವಿ ಅಂತ ಶುರುವಾಗುತ್ತೆ, ಒಟ್ಟು 12 ಅಕ್ಷರ, ಕೊನೇ ಎರಡು ಅಂಕಿ ಮಾಡೆಲ್ ವರ್ಷ. ಕಾಗದದಲ್ಲಿರೋ ನಂಬರಿಗೂ ಇದಕ್ಕೂ ತಾಳೆ ಆಗ್ಬೇಕು, ಆಗಿಲ್ಲ ಅಂದ್ರೆ ಅಲ್ಲಿಂದಾನೇ ನಮಸ್ಕಾರ ಹೇಳಿ ಬನ್ನಿ. ಕೀ ಚುಚ್ಚಿದ್ರೆ ಎರಡು ಸಲ ಬೀಪ್ ಅನ್ಬೇಕು, ಅಂದ್ರೆ ಗಾಡಿ ಆ ಕೀನ ಗುರುತು ಹಿಡೀತು ಅಂತ. ಇದು ಕಂಪ್ಯೂಟರ್‌ಗೆ ಹೊಂದಿಸಿರೋ ಕೀ, ಕಳೆದುಹೋದ್ರೆ ಬೀಗದವನ ಹತ್ರ ಹೋಗಿ ಡೂಪ್ಲಿಕೇಟ್ ಮಾಡಿಸೋ ಹಾಗಿಲ್ಲ, ಹೊಸದನ್ನ ಗಾಡಿಗೆ ಪ್ರೋಗ್ರಾಂ ಮಾಡಿಸ್ಬೇಕು, ಹಂಗಾಗಿ ಎರಡು ಕೀ ಇದ್ರೆ ಎರಡನ್ನೂ ಹಾಕಿ ನೋಡಿ.

ಆಯಿಲ್ ಡಿಪ್‌ಸ್ಟಿಕ್ ತೆಗೆದು ಟಿಶ್ಯೂ ಮೇಲೆ ಒರೆಸ್ದೆ. ಹಾಲು ಹಾಕಿದ ಕಾಫಿ ಬಣ್ಣ ಇದ್ರೆ ಒಳಗೆ ನೀರು ಹೋಗಿದೆ ಅಂತ ಅರ್ಥ, ಡಿಕಾಕ್ಷನ್ ಥರ ಇದ್ರೆ ಪರವಾಗಿಲ್ಲ, ಬರೀ ಹಳೇ ಆಯಿಲ್ಲು. ನನಗೆ ಸಿಕ್ಕಿದ್ದು ಡಿಕಾಕ್ಷನ್. ಆಮೇಲೆ ಮೂರೂ ಪ್ಲಗ್ ಬಿಚ್ಚಿ ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗಿನ ಒತ್ತಡ ನೋಡ್ದೆ. ಗೇಜ್‌ಗಳಲ್ಲಿ ಒಂದೊಂದು ಒಂದೊಂದು ತೋರ್ಸುತ್ತೆ, ನಂಬರ್ ಎಷ್ಟು ಅನ್ನೋದಕ್ಕಿಂತ ಮೂರೂ ಸಿಲಿಂಡರ್ ಒಂದಕ್ಕೊಂದು ಹತ್ರ ಇರೋದು ಮುಖ್ಯ, ನೂರಕ್ಕೆ ಹತ್ತರಷ್ಟು ವ್ಯತ್ಯಾಸಕ್ಕಿಂತ ಜಾಸ್ತಿ ಇದ್ರೆ ಬೇಡ. ಇಲ್ಲಿ ಮೂರೂ ಅಣ್ಣತಮ್ಮಂದಿರ ಥರ ಇದ್ವು.

ಇಷ್ಟರವರೆಗೆ ಖುಷಿ. ಆಮೇಲೆ ಕೇಳ್ದೆ, ಸೂಪರ್‌ಚಾರ್ಜರ್ ಕೊನೇ ಸಲ ಯಾವಾಗ ರೀಬಿಲ್ಡ್ ಮಾಡ್ಸಿದ್ದು? ಆತ ನನ್ನ ಮುಖ ನೋಡ್ದ. "ಅದಕ್ಕೆ ಏನೂ ಮಾಡೋದ್ ಬೇಕಿಲ್ಲ, ಯಾವತ್ತೂ ತೊಂದ್ರೆ ಕೊಟ್ಟಿಲ್ಲ" ಅಂದ.

ಇಲ್ಲೇ ಇರೋದು ವಿಷಯ. ಇದೊಂದನ್ನ ಅರ್ಥ ಮಾಡ್ಕೊಂಡ್ರೆ ಈ ಕಾಲದ ಆರ್‌ಎಕ್ಸ್‌ಪಿ ಅರ್ಧ ಅರ್ಥ ಆದಂಗೆ. ಗಾಡಿ ಅಲೆ ಮೇಲೆ ಎಗರಿದಾಗ ಒಂದು ಕ್ಷಣ ನೀರಿಂದ ಆಚೆ ಬರುತ್ತೆ, ಆಗ ಇಂಜಿನ್ ಮೇಲೆ ಭಾರ ಇಲ್ಲ, ಆರ್‌ಪಿಎಂ ಒಮ್ಮೆಲೇ ಏರುತ್ತೆ, ಮತ್ತೆ ನೀರಿಗೆ ಬಿದ್ದ ತಕ್ಷಣ ಧಡ್ ಅಂತ ಇಳಿಯುತ್ತೆ. ಹತ್ತಾರು ಸಾವಿರ ಆರ್‌ಪಿಎಂನಲ್ಲಿ ತಿರುಗೋ ಸೂಪರ್‌ಚಾರ್ಜರ್ ಅಷ್ಟು ಬೇಗ ಏರಿಳಿಯಕ್ಕಾಗಲ್ಲ, ಗೇರ್ ಹಲ್ಲು ಮುರೀಬಾರದು ಅಂತ ಒಳಗೆ ಜಾರೋ ಕ್ಲಚ್ ಒಂದು ಇಟ್ಟಿದಾರೆ. ಆ ಕ್ಲಚ್ ಒಳಗಿನ ವಾಷರ್‌ಗಳು ಆ ವರ್ಷಗಳಲ್ಲಿ ಸೆರಾಮಿಕ್ಕು. ಗಾಜಿನ ಬಳೆ ಜಾತಿ, ಸವೆಯೋದು ಕಮ್ಮಿ, ಒಡೆದ್ರೆ ಚೂರು ಚೂರು. ಇದಕ್ಕೂ ಇಂಜಿನ್‌ಗೂ ಆಯಿಲ್ ಒಂದೇ, ಹಂಗಾಗಿ ಚೂರು ನೇರ ಇಂಜಿನ್ ಆಯಿಲ್‌ಗೆ ಹೋಗುತ್ತೆ, ಅಲ್ಲಿಂದ ಎಲ್ಲೆಲ್ಲಿಗೆ ಹೋಗುತ್ತೋ ದೇವರೇ ಬಲ್ಲ. ಅದಕ್ಕೇ ಇದನ್ನ 100 ಗಂಟೆ ಅಥವಾ 2 ವರ್ಷ, ಯಾವುದು ಮೊದಲೋ ಅದಕ್ಕೆ ಬಿಚ್ಚಿ ರೀಬಿಲ್ಡ್ ಮಾಡಿ ಅಂತ ಹೇಳ್ತಾ ಇದ್ದಿದ್ದು, ಆಮೇಲೆ ಲೋಹದ ವಾಷರ್ ಬಂತು. 2 ವರ್ಷ ಅನ್ನೋದನ್ನ ಜನ ಓದೋದೇ ಇಲ್ಲ, 100 ಗಂಟೆ ಮಾತ್ರ ಕಣ್ಣಿಗೆ ಬೀಳುತ್ತೆ. ನಮ್ಮ ಈ ಪುಣ್ಯಾತ್ಮ ಅದನ್ನೂ ಓದಿರ್ಲಿಲ್ಲ.

ಬಿಚ್ಚಿ ನೋಡೋಣ ಅಂದ್ರೆ ಒಪ್ಪಲಿಲ್ಲ. ಹಂಗಿದ್ರೆ ರೀಬಿಲ್ಡ್ ದುಡ್ಡು ಬೆಲೇಲಿ ಕಳೆದು ಕೊಡು ಅಂದೆ. ಅರ್ಧ ಗಂಟೆ ಚೌಕಾಶಿ, ಕೆ.ಆರ್. ಮಾರ್ಕೆಟ್‌ನಲ್ಲಿ ಸೊಪ್ಪು ತಗೊಳೋವಾಗ ನಮ್ಮಮ್ಮ ಮಾಡೋ ಥರ ಎರಡು ಸಲ ಎದ್ದು ಹೊರಟು ನಿಂತೆ, 3,600ಕ್ಕೆ ಬಂತು. ಕೊಟ್ಟೆ, ಎಳ್ಕೊಂಡ್ ಬಂದೆ. ಒಂದ್ಸಲಾನೂ ನೀರಿಗೆ ಬಿಡದೆ ನೇರ ಮೆಕ್ಯಾನಿಕ್ ಹತ್ರ.

ಮೆಕ್ಯಾನಿಕ್ ಬಿಚ್ಚುವಾಗ ಪಕ್ಕದಲ್ಲೇ ನಿಂತಿದ್ದೆ. ಒಂದು ವಾಷರ್ ಎರಡು ತುಂಡಾಗಿತ್ತು, ಆದ್ರೆ ಎರಡೂ ತುಂಡು ಇದ್ದ ಜಾಗದಲ್ಲೇ ಕೂತಿದ್ವು, ಅಂಗೈ ಮೇಲೆ ಇಟ್ಕೊಂಡು ಜೋಡಿಸಿದ್ರೆ ಪೂರ್ತಿ ಉಂಗುರ ಆಗ್ತಿತ್ತು, ಅಂದ್ರೆ ಒಂದು ಚೂರೂ ಕಾಣೆಯಾಗಿಲ್ಲ. ಆಮೇಲೆ ಆಯಿಲ್ ಫಿಲ್ಟರ್ ಕತ್ತರಿಸಿ, ಕಾಗದದ ಮಡಿಕೆ ಬಿಡಿಸಿ, ಬಿಸಿಲಿಗೆ ಹಿಡಿದು ನೋಡ್ದ. ಬಿಳೀ ಚೂರು ಇದ್ರೆ ಇಂಜಿನ್ನೇ ಇಳಿಸ್ಬೇಕು ಅಂದಿದ್ದ, ಒಂದೂ ಇರ್ಲಿಲ್ಲ. ಇನ್ನೊಂದು ನಾಲ್ಕು ರೌಂಡ್ ಹೊಡೆದಿದ್ರೆ ನನ್ನ ಕಥೆ ಬೇರೆ ಇರ್ತಿತ್ತು. ಲೋಹದ ವಾಷರ್, ಬೇರಿಂಗ್, ಆಯಿಲ್, ಫಿಲ್ಟರ್ ಎಲ್ಲಾ ಸೇರಿ 850 ಡಾಲರ್. ವೇರ್ ರಿಂಗ್ ಅಂತ ಒಂದಿದೆ, ನೀರನ್ನ ಹಿಂದಕ್ಕೆ ಚಿಮ್ಮಿಸೋ ಫ್ಯಾನ್, ಅಂದ್ರೆ ಇಂಪೆಲ್ಲರ್, ಅದರ ಸುತ್ತ ಇರೋ ಪ್ಲಾಸ್ಟಿಕ್ ಬಳೆ, ಅದರಲ್ಲಿ ಬೆರಳುಗುರು ಸಿಕ್ಕೋವಷ್ಟು ಗೀರು ಬಿದ್ದಿತ್ತು, ಅದನ್ನೂ ಬದಲಾಯಿಸ್ದೆ. ಅದು ಸವೆದಿದ್ರೆ ಇಂಜಿನ್ ಕೂಗುತ್ತೆ ಗಾಡಿ ಹೋಗಲ್ಲ, ಬೈಕಲ್ಲಿ ಕ್ಲಚ್ ಪ್ಲೇಟ್ ಹೋದಂಗೆ.

ಮೊದಲನೇ ದಿನ ಬೆಳಿಗ್ಗೆ ಏಳಕ್ಕೇ ರ‍್ಯಾಂಪ್ ಹತ್ರ ಹೋದ್ವಿ. ಲೇನಿಯರ್ ತುಂಬಿದಾಗ ಮಟ್ಟ ಸಮುದ್ರಮಟ್ಟದಿಂದ 1071 ಅಡಿ. ಮಂಡ್ಯದವನಿಗೆ ಕೆಆರ್‌ಎಸ್ 124.80 ಅಡಿ ಹೆಂಗೋ ಈ 1071 ಹಂಗೆ, ಈಗ ದಿನಾ ಬೆಳಿಗ್ಗೆ ನೋಡೋದು ಚಟ ಆಗಿದೆ. ನೀರು ಇಳಿದ್ರೆ ಮರದ ಬೊಡ್ಡೆ, ಬಂಡೆ ಎಲ್ಲಾ ಮೇಲೆ ಬರ್ತವೆ, ಇಷ್ಟು ಸ್ಪೀಡಲ್ಲಿ ಅದಕ್ಕೆ ಹೊಡೆದ್ರೆ ಗಾಡಿ ಬಗ್ಗೆ ಯೋಚನೆ ಮಾಡೋಕೆ ನಾವಿರಲ್ಲ. ಗಾಡಿ ಇಳಿಸಿ, ಬೋಟ್ ನಿಲ್ಲಿಸೋ ಕಟ್ಟೆಗೆ ಹಗ್ಗ ಕಟ್ಟಿ, ಕಾರ್ ಪಾರ್ಕ್ ಮಾಡಿ ವಾಪಸ್ ಬಂದೆ. ನನ್ನ ಹೆಂಡತಿ ಕೇಳಿದ್ಲು, "ರೀ, ಹಿಂದುಗಡೆ ಇಷ್ಟು ಕೆಳಗೆ ಇರ್ಬೇಕಾ ಇದು?" ಇರಬಾರದು. ಹಿಂದೆ ಕೆಳಗೆ ಎರಡು ಡ್ರೈನ್ ಪ್ಲಗ್ ಇರ್ತವೆ, ಎರಡನ್ನೂ ಹಾಕೋದು ಮರೆತಿದ್ದೆ. ತೊಟ್ಟಿಗೆ ನೀರು ಬಿಟ್ಟಂಗೆ ಒಳಗೆ ತುಂಬ್ತಾ ಇತ್ತು. ಎದೆ ಮಟ್ಟ ನೀರಿಗೆ ಇಳಿದು, ಕೈಯಲ್ಲಿ ತಡಕಿ ತಡಕಿ ಹಾಕ್ದೆ, ಮತ್ತೆ ಟ್ರೇಲರ್ ಮೇಲೆ ಎಳೆದು ನೀರು ಬಸಿದು ಎರಡನೇ ಸಲ ಇಳಿಸ್ದೆ. ಪಕ್ಕದ ಬೋಟ್‌ನ ತಾತ ಏನೂ ಹೇಳ್ಲಿಲ್ಲ, ಬರೀ ನಕ್ಕ. ಈಗ ಆ ಪ್ಲಗ್‌ಗಳನ್ನ ಬಿಚ್ಚಿದ ತಕ್ಷಣ ಕೀ ಚೈನ್ ಪಕ್ಕ ಕಟ್ಟಿ ಇಡ್ತೀನಿ, ಅದು ಇಲ್ಲದೆ ಕೀ ಕೈಗೆ ಬರಲ್ಲ.

ಓಡ್ಸೋದು ಹೆಂಗಿದೆ? ಥ್ರಾಟಲ್ ಒತ್ತಿದ್ರೆ ಕುಕ್ಕರ್ ವಿಷಲ್ ಹೊಡೆಯೋಕ್ ಮುಂಚೆ ಸುಂಯ್ ಅನ್ನುತ್ತಲ್ಲ, ಆ ಶಬ್ದ ಮೊದಲು ಬರುತ್ತೆ, ಸೂಪರ್‌ಚಾರ್ಜರ್ದು, ಆಮೇಲೆ ತೋಳು ಕಿತ್ತುಬರೋ ಎಳೆತ. ಜಿಪಿಎಸ್‌ನಲ್ಲಿ 64 ಮೈಲಿ ನೋಡ್ದೆ, ಗಾಡಿ ಮೀಟರ್ರು 68 ಅಂತ ಜಂಬ ಕೊಚ್ತಿತ್ತು. ಆರ್‌ಪಿಎಂ 8000 ಹತ್ರ ಹೋಗ್ತಾ ಇದೆ ಅಂದ್ರೆ ಸೂಪರ್‌ಚಾರ್ಜರ್ ಆರೋಗ್ಯವಾಗಿದೆ. ಏಳು ಸಾವಿರ ಚಿಲ್ಲರೆಗೇ ನಿಂತುಬಿಟ್ರೆ, ಆ ಸುಂಯ್ ಸದ್ದೂ ಕಮ್ಮಿ ಆದ್ರೆ, ಕ್ಲಚ್ ಜಾರ್ತಾ ಇದೆ ಅಂತ ಅನುಮಾನ ಪಡಿ. ಟೆಸ್ಟ್ ರೈಡ್ ಕೊಡೋ ಮಾಲೀಕ ಸಿಕ್ರೆ ಇದನ್ನೇ ಮೊದಲು ನೋಡಿ.

ತಿರುವಿನಲ್ಲಿ ಹಿಡಿತ ಚೆನ್ನಾಗಿದೆ, ನೀರು ಗಾಜಿನ ಥರ ಇದ್ದಾಗ ಸ್ವರ್ಗ. ಹನ್ನೊಂದು ಗಂಟೆ ಮೇಲೆ ದೊಡ್ಡ ಬೋಟ್‌ಗಳು ಬಂದು ಕೆರೆ ಕಲಕಿಬಿಟ್ರೆ ಸೊಂಟದ ಕಥೆ ಮುಗೀತು, ನಲವತ್ತು ದಾಟಿದ ನನ್ನಂಥವರು ಸೀಟ್ ಮೇಲೆ ಕೂರಲ್ಲ, ಮಂಡಿ ಬಗ್ಗಿಸಿ ನಿಂತೇ ಓಡಿಸ್ತೀವಿ. ಬ್ರೇಕ್ ಇಲ್ಲ. ಸೀ-ಡೂಗೆ ಬ್ರೇಕ್ ಬಂದಿದ್ದೇ 2009ರ ಮಾಡೆಲ್‌ಗಳಿಂದ. ಇನ್ನೂ ಮುಖ್ಯ, ಭಯ ಬಿದ್ದು ಥ್ರಾಟಲ್ ಪೂರ್ತಿ ಬಿಟ್ರೆ ಗಾಡಿ ಸರಿಯಾಗಿ ತಿರುಗಲ್ಲ, ಯಾಕಂದ್ರೆ ತಿರುಗಿಸೋದೇ ಹಿಂದಿಂದ ಚಿಮ್ಮೋ ನೀರು. ಪಕ್ಕದಲ್ಲಿ ರೆಕ್ಕೆ ಥರ ಎರಡು ಇಟ್ಟಿದಾರೆ ಸಹಾಯಕ್ಕೆ, ಆದ್ರೆ ಅದನ್ನ ನಂಬ್ಕೊಂಡು ಕಟ್ಟೆ ಹತ್ರ ಹೀರೋಗಿರಿ ಬೇಡ. ಜಾರ್ಜಿಯಾ ಕಾನೂನಲ್ಲೂ ಬೇರೆ ಬೋಟ್, ಕಟ್ಟೆಗಳಿಂದ 100 ಅಡಿ ಒಳಗೆ ತೆವಳ್ಕೊಂಡೇ ಹೋಗ್ಬೇಕು, ಸೂರ್ಯ ಮುಳುಗಿದ ಮೇಲೆ ಓಡಿಸೋ ಹಾಗೇ ಇಲ್ಲ.

ಪೆಟ್ರೋಲ್ ವಿಷಯ ಹೇಳಿದ್ರೆ ಹೆಂಡತಿ ಓದ್ತಾಳೆ, ಆದ್ರೂ ಹೇಳ್ತೀನಿ. ಪ್ರೀಮಿಯಮ್ಮೇ ಹಾಕ್ಬೇಕು. ಟ್ಯಾಂಕ್ 60 ಲೀಟರ್, ಫುಲ್ ಥ್ರಾಟಲ್‌ನಲ್ಲೇ ಹೊಡೀತಾ ಇದ್ರೆ ಗಂಟೆ ಸುಮಾರಿಗೆ ತಳ ಕಾಣುತ್ತೆ. ಮೆತ್ತಗೆ ಹೋದ್ರೆ ಒಂದು ಮಧ್ಯಾಹ್ನ ಪೂರ್ತಿ ಬರುತ್ತೆ, ಆದ್ರೆ ಮೆತ್ತಗೆ ಹೋಗೋರು ಇದನ್ನ ಯಾಕೆ ತಗೋತಾರೆ.

ಇಷ್ಟ ಆಗಿದ್ದು ಇನ್ನೊಂದಿದೆ. ಇದರ ಇಂಜಿನ್ ಒಳಗೆ ಕೆರೆ ನೀರು ಸುತ್ತಲ್ಲ, ಕಾರ್ ಥರ ಕೂಲೆಂಟ್ ಸುತ್ತುತ್ತೆ, ಅದು ತಳದಲ್ಲಿರೋ ಪ್ಲೇಟ್ ಮೂಲಕ ತಣ್ಣಗಾಗುತ್ತೆ. ಹಂಗಾಗಿ ಮರಳು ಕೆಸರು ಇಂಜಿನ್ ಒಳಗೆ ಕೂರೋ ಭಯ ಇಲ್ಲ, ಎಗ್ಸಾಸ್ಟ್‌ಗೆ, ಇಂಟರ್‌ಕೂಲರ್‌ಗೆ ಮಾತ್ರ ಹೊರಗಿನ ನೀರು. ಮನೆಗೆ ಬಂದು ಪೈಪ್ ಹಾಕಿ ತೊಳೆಯೋವಾಗ ಒಂದು ಕ್ರಮ ಇದೆ: ಮೊದಲು ಇಂಜಿನ್ ಸ್ಟಾರ್ಟ್, ಆಮೇಲೆ ನಲ್ಲಿ. ನಿಲ್ಲಿಸೋವಾಗ ಮೊದಲು ನಲ್ಲಿ, ಆಮೇಲೆ ಇಂಜಿನ್. ಉಲ್ಟಾ ಮಾಡಿದ್ರೆ ಎಗ್ಸಾಸ್ಟ್ ಮೂಲಕ ನೀರು ಇಂಜಿನ್ ಒಳಗೇ ಹೋಗ್ಬೋದು. ಮಾರೋರು ನಿಮ್ಮ ಎದುರಿಗೆ ತೊಳೆಯೋಕೆ ನಿಂತ್ರೆ ಯಾವ ಕ್ರಮದಲ್ಲಿ ಮಾಡ್ತಾರೆ ಅಂತ ಸುಮ್ನೆ ನೋಡ್ತಾ ಇರಿ, ಇಷ್ಟು ವರ್ಷ ಗಾಡಿ ಹೆಂಗೆ ನೋಡ್ಕೊಂಡಿದಾರೆ ಅಂತ ಅಲ್ಲೇ ಗೊತ್ತಾಗಿಬಿಡುತ್ತೆ.

ಯಾರು ತಗೋಬಾರದು ಅಂದ್ರೆ, ಮನೇಲಿ ಮೂರು ನಾಲ್ಕು ಜನ ಇದ್ದು ಎಲ್ರನ್ನೂ ಕೂರಿಸ್ಕೊಂಡು ಸುತ್ತಾಡೋ ಆಸೆ ಇರೋರು. ಸೀಟು ಎರಡೇ, ನಮ್ಮ ಮಗ ದಡದಲ್ಲಿ ಮುಖ ಊದಿಸ್ಕೊಂಡು ಸರದಿ ಕಾಯ್ತಾನೆ. ಅಂಥವರಿಗೆ ಸೂಪರ್‌ಚಾರ್ಜರ್ ಇಲ್ಲದ ಮೂರು ಸೀಟಿನ ಗಾಡಿನೇ ಸರಿ, ತಲೆನೋವು ಕಮ್ಮಿ. ಉಪ್ಪುನೀರಲ್ಲಿ, ಅಂದ್ರೆ ಫ್ಲೋರಿಡಾ ಸಮುದ್ರದಲ್ಲಿ ಓಡಿದ ಗಾಡಿ ಎಷ್ಟೇ ಅಗ್ಗಕ್ಕೆ ಸಿಕ್ಕಿದ್ರೂ ನಾನಂತೂ ಮುಟ್ಟಲ್ಲ, ಬೋಲ್ಟ್ ತಲೆಗಳ ಮೇಲೆ ಬಿಳೀ ಪುಡಿ, ತುಕ್ಕು ಕಂಡ್ರೆ ವಾಪಸ್. ಬೈಕ್ ಸ್ಪ್ಯಾನರ್ ಹಿಡಿದು ಬೆಳೆದೋರು, ಕೈ ಕೊಳೆ ಮಾಡ್ಕೊಳೋಕೆ ಬೇಜಾರಿಲ್ಲದೋರು, ರೀಬಿಲ್ಡ್ ರಸೀದಿ ಇರೋ ಗಾಡಿ ಸಿಕ್ರೆ ಕಣ್ಮುಚ್ಚಿ ತಗೊಳ್ಳಿ. ರಸೀದಿ ಇಲ್ವಾ, ಸಾವಿರ ಡಾಲರ್ ಕಳೆದು ಮಾತಾಡಿ. ನನ್ನ ಒಟ್ಟು ಖರ್ಚು 4,600 ದಾಟಿದೆ, ಹೊಟ್ಟೆ ಉರೀತಿಲ್ಲ. ಐದಕ್ಕೆ ನಾಲ್ಕು ಸ್ಟಾರು. ಒಂದು ಕಟ್ ಮಾಡಿದ್ದು ಆ ಮೂರನೇ ಸೀಟಿಗೆ.

ಈಗ ಮೀಟರ್ 131 ಗಂಟೆ. ಆ ಮುರಿದ ವಾಷರ್ ತುಂಡುಗಳನ್ನ ಫೋಟೋ ತೆಗೆದು ಮಾವಂಗೆ ಕಳ್ಸಿದ್ದೆ. ಅವರು ನೋಡಿ, "ಇಷ್ಟಕ್ಕಾ 850 ಡಾಲರ್? ಮದ್ದೂರಿಗ್ ತಂದಿದ್ರೆ ಇನ್ನೂರ್ ರೂಪಾಯ್ಗೆ ಟರ್ನಿಂಗ್ ಮಾಡುಸ್ಕೊಡ್ತಿದ್ದೆ ಕಣ್ಲಾ" ಅಂತ ವಾಯ್ಸ್ ಮೆಸೇಜ್ ಹಾಕಿದಾರೆ.