ಟೊರೊಂಟೊ ಪಿಯರ್ಸನ್‌ನ ಡಿ-ಐಸಿಂಗ್ ಕೇಂದ್ರ: ಪೈಲಟ್ ಸೀಟಿನಿಂದ ಒಂದು ವಿಮರ್ಶೆ

ಗೇಟಿನಲ್ಲೇ ಹಿಮ ತೆಗೆಸಿ ಹೊರಟರೆ, ಸಾಲಿನಲ್ಲಿ ಕಾಯುವಷ್ಟರಲ್ಲಿ ರೆಕ್ಕೆ ಮತ್ತೆ ಬೆಳ್ಳಗಾಗುತ್ತದೆ. ಕೆನಡಾದ ಪಿಯರ್ಸನ್ ವಿಮಾನ ನಿಲ್ದಾಣದಲ್ಲಿ ಈ ಡಿ-ಐಸಿಂಗ್ (ಹಿಮ ತೆಗೆಯುವ) ಕೆಲಸಕ್ಕೆಂದೇ ಆರು ದೊಡ್ಡ ಬೇಗಳಿವೆ, ಅಂದರೆ ವಿಮಾನ ನಿಲ್ಲಿಸುವ ಅಂಕಣಗಳು. ಇಂಜಿನ್ ಓಡುತ್ತಿರುವಾಗಲೇ ದ್ರವದ ಸಿಂಪಡಣೆ ನಡೆಯುತ್ತದೆ. ನೆಲದ ಹಳದಿ ಗೆರೆ ಹಿಮದಡಿ ಮುಚ್ಚಿಹೋದಾಗ ದಾರಿ ತೋರಿಸುವ ಎಲೆಕ್ಟ್ರಾನಿಕ್ ಫಲಕಗಳೇ ಇಲ್ಲಿನ ನಿಜವಾದ ಬಲ.

ನಿಂತ ಮೇಲೆ ಪಾರ್ಕಿಂಗ್ ಬ್ರೇಕ್ ಹಾಕಿ, ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಚಲಿಸುವ ಫಲಕ) ಒಳಗಿಟ್ಟು, ಬ್ಲೀಡ್ ಗಾಳಿ (ಇಂಜಿನ್‌ನಿಂದ ಕ್ಯಾಬಿನ್‌ಗೆ ಬರುವ ಗಾಳಿ) ಮುಚ್ಚಬೇಕು. ಇಲ್ಲದಿದ್ದರೆ ದ್ರವದಲ್ಲಿನ ಗ್ಲೈಕಾಲ್ ವಾಸನೆ ಕ್ಯಾಬಿನ್ ತುಂಬುತ್ತದೆ. ಮೊದಲು ಹಿಮ ಕರಗಿಸುವ, ಕಿತ್ತಳೆ ಬಣ್ಣದ ಟೈಪ್ 1 ದ್ರವ: ನಳಿಕೆಯಲ್ಲಿ ಕನಿಷ್ಠ 60 ಡಿಗ್ರಿ ಸೆಲ್ಸಿಯಸ್, ರೆಕ್ಕೆ ಮೇಲೆ ಹಬೆಯೇಳುತ್ತದೆ. ಹಿಮ ಬೀಳುತ್ತಲೇ ಇದ್ದರೆ ಅದರ ಮೇಲೆ ಗಂಜಿಯಂತೆ ಮಂದವಾದ ಹಸಿರು ಟೈಪ್ 4, ಹೊಸ ಹಿಮ ಅಂಟದಂತೆ ತಡೆಯುವ ಲೇಪ. ರಕ್ಷಣೆಯ ಅವಧಿ ಎಣಿಸಬೇಕಾದ್ದು ಈ ಕೊನೆಯ ಲೇಪ ಶುರುವಾದ ಕ್ಷಣದಿಂದ, ಮುಗಿದ ಕ್ಷಣದಿಂದಲ್ಲ. ಹಲವರು ಎಡವುವುದೇ ಇಲ್ಲಿ.

ಯಾವುದೇ ಡಿ-ಐಸಿಂಗ್ ಬೇಯಲ್ಲಿ ಕಷ್ಟದ ಭಾಗ ಹೊರಬರುವ ತಿರುವು. ಚೆಲ್ಲಿದ ದ್ರವದಿಂದ ನೆಲ ಜಾರುತ್ತದೆ. ವಾಹನಗಳೆಲ್ಲ ದೂರ ಸರಿದಿವೆ ಎಂದು ರೇಡಿಯೊದಲ್ಲಿ ಕೇಳಿದ ಮೇಲೆಯೇ ಬ್ರೇಕ್ ಬಿಡಿ, ಥ್ರಸ್ಟ್ (ಇಂಜಿನ್‌ನ ನೂಕುಬಲ) ನಿಧಾನಕ್ಕೆ ಏರಿಸಿ. ತಿರುವಿನಲ್ಲಿ 10 ನಾಟ್‌ಗಿಂತ ಕಡಿಮೆ ವೇಗವಿರಲಿ. ಮೂಗಿನ ಚಕ್ರ ಜಾರಿದರೆ ಟಿಲ್ಲರ್ (ಆ ಚಕ್ರ ತಿರುಗಿಸುವ ಹಿಡಿ) ಇನ್ನಷ್ಟು ತಿರುಗಿಸಬೇಡಿ. ಕೋನ ಕಡಿಮೆ ಮಾಡಿದರೆ ಹಿಡಿತ ಮರಳುತ್ತದೆ. ದಾರಿಯಲ್ಲಿ ಕೆಸರುಹಿಮವಿದ್ದರೆ ಫ್ಲ್ಯಾಪ್ ಇಳಿಸುವುದು ರನ್‌ವೇ ಹತ್ತಿರ ಬಂದಮೇಲೆ. ಮೊದಲೇ ಇಳಿಸಿದರೆ ಚಕ್ರ ಎರಚಿದ ಹಿಮ ಅದಕ್ಕೆ ಅಂಟಿ ಗಟ್ಟಿಯಾಗುತ್ತದೆ.

ಸಾಲು ಉದ್ದವಾದರೆ ಈ ಬೇಗಳೂ ಉಳಿಸಲಾರವು. ಹಸಿರು ಲೇಪದ ಹೊಳಪು ಮಾಸಿ ಮೇಲೆ ಹಿಮದ ಹರಳು ನಿಂತರೆ, ಗಡಿಯಾರ ಏನೇ ಹೇಳಲಿ, ಡಿ-ಐಸಿಂಗ್ ಬೇಯೊಳಗೆ ವಾಪಸ್ ಹೋಗಲೇಬೇಕು.