ಪುಡಿ, ಕಾಸ್ಟಿಕ್, ಸ್ಪ್ರಿಂಗ್, ಫಿಲ್ಟರ್: ನಮ್ಮ ಸೆಪ್ಟಿಕ್ ಟ್ಯಾಂಕ್ ಯಾವುದಕ್ಕೆ ಬಗ್ಗಿತು?

ಏನು ಹಾಕಿದರೆ ಟ್ಯಾಂಕ್ ಕಟ್ಟಿಕೊಳ್ಳುವುದಿಲ್ಲ ಅಂತ ಆರು ವರ್ಷದಿಂದ ಒಂದೊಂದಾಗಿ ಹಾಕಿ ನೋಡಿದ್ದೇನೆ. ಪುಡಿ ಹಾಕಿದ್ದೇನೆ, ಕಾಸ್ಟಿಕ್ ಸೋಡಾ ಸುರಿದಿದ್ದೇನೆ, ಕುದಿಯುವ ನೀರು ಹೊಯ್ದಿದ್ದೇನೆ. ಕೊನೆಗೆ ಕೆಲಸಕ್ಕೆ ಬಂದದ್ದು ಹಾಕುವ ವಸ್ತು ಯಾವುದೂ ಅಲ್ಲ. ಒಂದು ಕೋಲು, ಒಂದು ಸ್ಪ್ರಿಂಗ್, ಒಂದು ಫಿಲ್ಟರ್, ಅಷ್ಟೇ. ಐದು ಜನ ಇರುವ ಮನೆ, ಎರಡು ಟಾಯ್ಲೆಟ್, ನೆಲದೊಳಗಿನ ಟ್ಯಾಂಕ್, ಅದರಾಚೆ ಇಂಗುಗುಂಡಿ. ನಿಮ್ಮ ಮನೆಯ ಲೆಕ್ಕ ಬೇರೆ ಇರಬಹುದು.

ಬ್ಯಾಕ್ಟೀರಿಯಾ ಪುಡಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಎಲ್ಲರೂ ಕೇಳುವುದು ಅದನ್ನೇ. ತಿಂಗಳಿಗೊಂದು ಪೊಟ್ಟಣ ಕಮೋಡಿಗೆ ಹಾಕಿ ಫ್ಲಶ್ ಮಾಡಿದರೆ ಹೂಳು ಕರಗುತ್ತದೆ, ಟ್ಯಾಂಕ್ ಖಾಲಿ ಮಾಡಿಸುವ ಗೋಜೇ ಇಲ್ಲ ಅಂತ ಪೊಟ್ಟಣದ ಮೇಲೆ ಬರೆದಿತ್ತು. ಟ್ಯಾಂಕ್ ಖಾಲಿ ಮಾಡಿಸಿದ ದಿನದಿಂದಲೇ ಶುರು ಮಾಡಿ ಎರಡು ವರ್ಷ ಒಂದು ತಿಂಗಳೂ ತಪ್ಪಿಸದೆ ಹಾಕಿದೆ. ಆಮೇಲೆ ಎರಡು ವರ್ಷ ಏನನ್ನೂ ಹಾಕಲಿಲ್ಲ. ಹೂಳಿನ ಎತ್ತರವನ್ನು ವರ್ಷಕ್ಕೊಮ್ಮೆ ಅಳೆದೆ. ಪುಡಿ ಹಾಕಿದ ಎರಡು ವರ್ಷದಲ್ಲಿ 17 ಸೆಂಟಿಮೀಟರ್ ಏರಿತ್ತು, ಹಾಕದ ಎರಡು ವರ್ಷದಲ್ಲಿ 16. ಒಂದು ಸೆಂಟಿಮೀಟರ್ ಅನ್ನುವುದು ಅಳತೆಯ ತಪ್ಪೂ ಇರಬಹುದು, ಅದನ್ನು ಹಿಡಿದುಕೊಂಡು ಪುಡಿ ಕೆಡುಕು ಅನ್ನಲಾರೆ. ಆದರೆ ಒಳ್ಳೆಯದಾಯಿತು ಅನ್ನಲು ಏನೂ ಸಿಗಲಿಲ್ಲ. ಯೋಚಿಸಿದರೆ ಆಶ್ಚರ್ಯವೂ ಇಲ್ಲ, ಬೇಕಾದ ಬ್ಯಾಕ್ಟೀರಿಯಾ ನಮ್ಮ ಹೊಟ್ಟೆಯಿಂದಲೇ ದಿನಾ ಅಲ್ಲಿಗೆ ಹೋಗುತ್ತಿರುತ್ತದೆ ಅಲ್ವಾ? ಸಮುದ್ರಕ್ಕೆ ಉಪ್ಪು ಮಾರಿದ ಹಾಗೆ.

ಅಳೆಯುವುದು ಹೇಗೆ ಅಂತ ಹೇಳಿಬಿಡುತ್ತೇನೆ, ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದಿರಲಿ. ಟ್ಯಾಂಕಿನ ತಳ ಮುಟ್ಟುವಷ್ಟು ಉದ್ದದ ಕೋಲು ತಗೊಳ್ಳಿ. ಕೆಳಗಿನ ಅರ್ಧಕ್ಕೆ ಹಳೇ ಬಿಳಿ ಟವೆಲ್ ಬಿಗಿಯಾಗಿ ಸುತ್ತಿ ದಾರ ಕಟ್ಟಿ. ನೀರು ಹೊರಹೋಗುವ ಕಡೆಯ ಮುಚ್ಚಳ ತೆಗೆದು ಮೆಲ್ಲಗೆ ತಳದವರೆಗೆ ಇಳಿಸಿ, ಎರಡು ನಿಮಿಷ ಬಿಟ್ಟು, ನೇರವಾಗಿ ಮೇಲೆತ್ತಿ. ಹೂಳು ಇದ್ದಷ್ಟು ಎತ್ತರಕ್ಕೆ ಟವೆಲ್ ಮೇಲೆ ಕಪ್ಪು ಕಣ ಕೂತಿರುತ್ತದೆ, ಅದರ ಮೇಲಿನ ಬಟ್ಟೆ ಬರೀ ಒದ್ದೆಯಾಗಿ ಬೂದು ಬಣ್ಣಕ್ಕಿರುತ್ತದೆ. ಎರಡರ ನಡುವಿನ ಗೆರೆ ಎಷ್ಟು ಸ್ಪಷ್ಟವಾಗಿರುತ್ತದೆ ಎಂದರೆ ಮೊದಲ ಸಲ ನನಗೆ ನಂಬಿಕೆಯೇ ಬರಲಿಲ್ಲ. ಕೈಗವಸು ಹಾಕಿಕೊಳ್ಳಿ. ತಲೆ ಒಳಗೆ ಬಗ್ಗಿಸಬೇಡಿ, ಬೆಂಕಿ ಹತ್ತಿರ ತರಬೇಡಿ, ಏನೇ ಬಿದ್ದುಹೋದರೂ ಒಳಗೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಅಲ್ಲಿರುವ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದರೆ ಮೊದಲು ಮೂಗನ್ನೇ ಮರಗಟ್ಟಿಸುತ್ತದೆ. ವಾಸನೆ ಹೋಯಿತು ಅಂದುಕೊಳ್ಳುವ ಹೊತ್ತಿಗೆ ಪ್ರಾಣವೇ ಹೋಗುತ್ತದೆ.

ಈಗ ಕಾಸ್ಟಿಕ್ ಸೋಡಾ ಮತ್ತು ಸ್ಪ್ರಿಂಗ್. ಇವೆರಡೂ ಟ್ಯಾಂಕಿಗಲ್ಲ, ಪೈಪಿಗೆ. ಬಹಳ ಜನ ಇಲ್ಲೇ ಎಡವುತ್ತಾರೆ, ನಾನೂ ಎಡವಿದ್ದೆ. ಒಂದು ಸಿಂಕ್ ಮಾತ್ರ ನಿಧಾನವಾದರೆ ತೊಂದರೆ ಆ ಸಿಂಕಿನ ಪೈಪಿನಲ್ಲಿದೆ. ಮನೆಯ ಎಲ್ಲ ಕಡೆಯೂ ನೀರು ನಿಂತರೆ, ಕಮೋಡ್ ಫ್ಲಶ್ ಮಾಡಿದಾಗ ಬಚ್ಚಲಲ್ಲಿ ಗುಳುಗುಳು ಅಂದರೆ, ಮುಖ್ಯ ಪೈಪನ್ನೋ ಟ್ಯಾಂಕನ್ನೋ ನೋಡಬೇಕು. ನಮ್ಮ ಅಡುಗೆಮನೆ ಸಿಂಕ್ ಒಂದೇ ಕಟ್ಟಿಕೊಂಡಿತ್ತು. ಕಾಸ್ಟಿಕ್ ಸುರಿದೆ. ಪೈಪ್ ಬಿಸಿಯಾಯಿತು, ಬುಸ್ ಅಂತ ಹಬೆ ಬಂತು, ನೀರು ಇಳಿಯಿತು, ಗೆದ್ದೆ ಅಂದುಕೊಂಡೆ. ಒಂಬತ್ತನೇ ದಿನಕ್ಕೆ ಮತ್ತೆ ನಿಂತಿತು. ಪ್ಲಂಬರ್ ಬಂದು ಸಿಂಕ್ ಕೆಳಗಿನ ಬಾಗು ಬಿಚ್ಚಿದಾಗ ಒಳಗೆ ಮುಷ್ಟಿಯಷ್ಟು ಬಿಳಿ ಗಡ್ಡೆ. ಸೋಪು! ಜಿಡ್ಡಿಗೆ ಕಾಸ್ಟಿಕ್ ಸೇರಿದರೆ ಸೋಪು ಆಗುತ್ತದೆ, ಶಾಲೆಯಲ್ಲಿ ಓದಿದ್ದೆ, ನನ್ನ ಸಿಂಕಿನಲ್ಲೇ ತಯಾರಾಗುತ್ತದೆ ಅಂತ ಹೊಳೆದಿರಲಿಲ್ಲ. ಇನ್ನೊಂದು ಅಪಾಯ ಇದೆ. ಕಾಸ್ಟಿಕ್ ಹಾಕಿದ ಮೇಲೆ ಪ್ಲಂಜರ್ ಒತ್ತಿದರೆ ಅದೇ ನೀರು ಕಣ್ಣಿಗೆ ಚಿಮ್ಮಬಹುದು. ಅದು ಕೆಲಸ ಮಾಡಲಿಲ್ಲ ಅಂತ ಮೇಲೆ ಬೇರೆ ಕ್ಲೀನರ್ ಸುರಿಯುವುದು ಇನ್ನೂ ಕೆಟ್ಟದ್ದು. ಆಸಿಡ್ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ.

ಕುದಿಯುವ ನೀರಿನ ಕಥೆ ಚಿಕ್ಕದು. ಜಿಡ್ಡು ಕರಗಿ ಮುಂದೆ ಹೋಗಿ, ಪೈಪ್ ತಣ್ಣಗಿರುವ ಕಡೆ ಮತ್ತೆ ಗಟ್ಟಿಯಾಗುತ್ತದೆ. ತೊಂದರೆ ಹೋಗಲಿಲ್ಲ, ಜಾಗ ಬದಲಾಯಿಸಿತು.

ಸ್ಪ್ರಿಂಗ್ ಮಾತ್ರ ನನ್ನ ಮೆಚ್ಚಿನದು. ಕೈಯಲ್ಲಿ ತಿರುಗಿಸುವ ಐದು ಮೀಟರಿನ ತಂತಿ ಸುರುಳಿ, ತುದಿಯಲ್ಲಿ ಕೊಕ್ಕೆ. ಕಮೋಡ್ ಕಟ್ಟಿಕೊಂಡಾಗ ಮೊದಲು ಪ್ಲಂಜರ್ ಹಾಕಿ ನೋಡಿದೆ, ಎರಡು ದಿನಕ್ಕೆ ಮತ್ತೆ ಅದೇ ಕಥೆ. ಚೇಂಬರಿನಿಂದ ಸ್ಪ್ರಿಂಗ್ ಬಿಟ್ಟು ತಿರುಗಿಸುತ್ತಾ ಹೋದೆ, ಎಲ್ಲೋ ಮೆತ್ತಗೆ ತಡೆದಂತಾಯಿತು, ಇನ್ನೆರಡು ಸುತ್ತು ತಿರುಗಿಸಿ ಎಳೆದರೆ ಮೊಳ ಉದ್ದದ ಹಗ್ಗ ಬಂತು. ಹಗ್ಗವಲ್ಲ, ವೆಟ್ ವೈಪ್ಸ್ ಮತ್ತು ಕೂದಲು ಹೆಣೆದುಕೊಂಡು ಜಡೆಯಂತಾಗಿತ್ತು. ಫ್ಲಶ್ ಮಾಡಬಹುದು ಅಂತ ಪ್ಯಾಕೆಟ್ ಮೇಲೆ ಬರೆದಿದ್ದ ವೈಪ್ಸೇ ಅದು. ಆಮೇಲೆ ಒಂದು ವೈಪನ್ನೂ ಟಾಯ್ಲೆಟ್ ಪೇಪರನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ನೆನೆಹಾಕಿದೆ. ಪೇಪರ್ ಸ್ವಲ್ಪ ಕಲಕಿದ್ದಕ್ಕೇ ಚೂರುಚೂರಾಯಿತು. ವೈಪ್ ಒಂದು ವಾರದ ಮೇಲೂ ಹಿಂಡಿ ಒಣಹಾಕುವಷ್ಟು ಗಟ್ಟಿಯಾಗಿತ್ತು. ಅದನ್ನು ಮನೆಯವರಿಗೆಲ್ಲ ತೋರಿಸಿದೆ, ಅದಕ್ಕಿಂತ ಒಳ್ಳೆ ಭಾಷಣ ಬೇಕಿರಲಿಲ್ಲ. ಟಾಯ್ಲೆಟ್ ಪಕ್ಕ ಮುಚ್ಚಳದ ಡಬ್ಬಿ ಬಂತು. ಸ್ಪ್ರಿಂಗಿಗೆ ಆಮೇಲೆ ಕೆಲಸವೇ ಬಿದ್ದಿಲ್ಲ.

ಹೊರಹೋಗುವ ಪೈಪಿಗೆ ಹಾಕುವ ಫಿಲ್ಟರ್ ನಾಲ್ಕನೇ ವರ್ಷ ಹಾಕಿಸಿದ್ದು. ಟ್ಯಾಂಕಿನಲ್ಲಿ ಮೂರು ಪದರ ಇರುತ್ತದೆ: ಮೇಲೆ ತೇಲುವ ಜಿಡ್ಡು, ಕೆಳಗೆ ಹೂಳು, ನಡುವೆ ತಕ್ಕಮಟ್ಟಿಗೆ ತಿಳಿನೀರು. ಆ ನಡುವಿನ ನೀರು ಮಾತ್ರ ಇಂಗುಗುಂಡಿಗೆ ಹೋಗಬೇಕು. ತೇಲಿಬರುವ ಚೂರುಗಳನ್ನು ಫಿಲ್ಟರ್ ತಡೆಯುತ್ತದೆ. ಇದಕ್ಕೂ ಒಂದು ಕಾಟ ಇದೆ, ಆರು ತಿಂಗಳಿಗೊಮ್ಮೆ ತೆಗೆದು ತೊಳೆಯಬೇಕು, ಮರೆತರೆ ಅದೇ ಕಟ್ಟಿಕೊಳ್ಳುತ್ತದೆ. ನಾನು ಮರೆತೆ. ನೆಂಟರು ಬಂದಿದ್ದ ದಿನವೇ ಬಚ್ಚಲಲ್ಲಿ ನೀರು ಮೇಲೆ ಬಂತು, ಇಂಥದ್ದಕ್ಕೆ ಅದಕ್ಕಿಂತ ಒಳ್ಳೆ ದಿನ ಸಿಗುವುದಿಲ್ಲ ನೋಡಿ. ಆದರೂ ಬೈಯಲಾರೆ. ಫಿಲ್ಟರ್ ಕಟ್ಟಿದರೆ ಹತ್ತು ನಿಮಿಷದ ಕೆಲಸ, ಟ್ಯಾಂಕಿನ ಒಳಬರುವ ಕಡೆಯ ಬಾಯಿಯ ಮೇಲೆ ಹಿಡಿದು ಪೈಪ್ ನೀರಲ್ಲಿ ತೊಳೆದರೆ ಮುಗಿಯಿತು. ಇಂಗುಗುಂಡಿ ಸುತ್ತಲಿನ ಮಣ್ಣು ಕಟ್ಟಿಕೊಂಡರೆ ತೊಳೆಯಲು ಬರುವುದಿಲ್ಲ, ಹೊಸ ಗುಂಡಿಯನ್ನೇ ತೋಡಿಸಬೇಕಾಗಬಹುದು.

ಇನ್ನು ಖಾಲಿ ಮಾಡಿಸುವ ವಿಷಯ. ಮುಚ್ಚಳ ತೆಗೆದ ತಕ್ಷಣ ಗಾಡಿಯವರು "ಫುಲ್ ಆಗಿದೆ ಸಾರ್" ಅನ್ನುತ್ತಾರೆ. ಸೆಪ್ಟಿಕ್ ಟ್ಯಾಂಕ್ ಯಾವಾಗಲೂ ಫುಲ್ಲೇ. ಹೊರಹೋಗುವ ಪೈಪಿನ ಮಟ್ಟದವರೆಗೆ ನೀರಿರುವುದೇ ಅದರ ಕೆಲಸದ ರೀತಿ, ಖಾಲಿ ಮಾಡಿಸಿದ ಕೆಲವೇ ದಿನದಲ್ಲಿ ಮತ್ತೆ ಅಷ್ಟಕ್ಕೇ ಬರುತ್ತದೆ. ನೋಡಬೇಕಾದ್ದು ಹೂಳನ್ನು. ನೀರಿನ ಆಳದ ಮೂರರಲ್ಲಿ ಒಂದು ಪಾಲು ಹೂಳು ತುಂಬಿದರೆ ಕರೆಸಿ. ಸಾಮಾನ್ಯವಾಗಿ 3 ರಿಂದ 5 ವರ್ಷಕ್ಕೊಮ್ಮೆ ಅನ್ನುತ್ತಾರೆ. ನಮ್ಮಲ್ಲಿ ನೀರಿನ ಆಳ 120 ಸೆಂಟಿಮೀಟರ್, ಐದನೇ ವರ್ಷಕ್ಕೆ ಹೂಳು 41 ಆಗಿತ್ತು, ಕರೆಸಿದೆ. ಪ್ಲಾಸ್ಟಿಕ್ ಟ್ಯಾಂಕ್ ಇರುವವರು ನೆಲದ ನೀರು ಮೇಲೆ ಬಂದಿರುವ ಮಳೆಗಾಲದಲ್ಲಿ ಖಾಲಿ ಮಾಡಿಸಬೇಡಿ, ಹಗುರಾದ ಟ್ಯಾಂಕನ್ನು ನೀರು ಮೇಲಕ್ಕೆ ಎತ್ತಿಬಿಡಬಹುದು.

ಯಾವ ಹೋಲಿಕೆಗೂ ಸೇರದ ಇನ್ನೊಂದು ವಿಷಯ: ಭಾನುವಾರ ಐದು ಲೋಡ್ ಬಟ್ಟೆ ಒಗೆಯುತ್ತಿದ್ದದ್ದನ್ನು ವಾರಕ್ಕೆಲ್ಲ ಹಂಚಿಕೊಂಡೆವು. ನೀರು ಒಮ್ಮೆಲೇ ನುಗ್ಗಿದರೆ ಹೂಳು ಕದಡಿ ಹೊರಗೆ ಹೋಗುತ್ತದೆ. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ನೋಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಅದು ದಿನವಿಡೀ ಸುಮ್ನೆ ಸೋರುತ್ತಿದೆ ಅಂತ ಅರ್ಥ. ನಮ್ಮ ಎರಡರಲ್ಲಿ ಒಂದು ಸೋರುತ್ತಿತ್ತು.

ಅಳತೆಯ ಕೋಲು ಈಗ ಹಿತ್ತಲ ಗೋಡೆಗೆ ಒರಗಿದೆ, ವರ್ಷಕ್ಕೊಂದು ಮಾರ್ಕರ್ ಗೆರೆ. ಈ ಸಲದ್ದು 7 ಸೆಂಟಿಮೀಟರಿಗೆ ಬಂದಿದೆ. ಪುಡಿಯ ಕೊನೆಯ ಎರಡು ಪೊಟ್ಟಣ ಇನ್ನೂ ಕಪಾಟಿನಲ್ಲೇ ಇವೆ, ಬೇಕಾದವರು ತಗೊಂಡು ಹೋಗಬಹುದು.