ಸ್ಯಾನ್‌ಡಿಸ್ಕ್ ಹೈ ಎಂಡ್ಯೂರೆನ್ಸ್ 64 ಜಿಬಿ: ಮಲೆನಾಡಿನ ಮಳೆಗಾಲದಲ್ಲಿ ರಾಸ್ಪ್‌ಬೆರಿ ಪೈಗೆ ತಕ್ಕ ಕಾರ್ಡ್

ತೀರ್ಥಹಳ್ಳಿ ಸಮೀಪದ ನಮ್ಮ ಅಡಿಕೆ ತೋಟದಲ್ಲಿ ಮಳೆಯ ಪ್ರಮಾಣವನ್ನೂ ಗಾಳಿಯ ತೇವಾಂಶವನ್ನೂ ದಾಖಲಿಸುವ ಒಂದು ರಾಸ್ಪ್‌ಬೆರಿ ಪೈ 4 ಎಂಬ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್ ಹಗಲಿರುಳು ನಡೆಯುತ್ತಿರುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ದಿನವನ್ನು ಗೊತ್ತುಮಾಡುವುದು ಈ ದಾಖಲೆಗಳನ್ನು ನೋಡಿಯೇ ಆದ್ದರಿಂದ, ಆಷಾಢದ ನಡುವೆ ಯಂತ್ರ ನಿಂತರೆ ತೊಂದರೆಯಾಗುತ್ತದೆ. ಮೊದಲು ಹಾಕಿದ್ದ ಬೇರೊಂದು ಕಂಪನಿಯ ಅಗ್ಗದ ಮೈಕ್ರೊಎಸ್‌ಡಿ ಮೆಮೊರಿ ಕಾರ್ಡ್ ಹಾಗೆಯೇ ಕೈಕೊಟ್ಟಿತು. ಕರೆಂಟು ಹೋಗಿ ಬಂದ ಮೇಲೆ ಹಸಿರು ದೀಪ ನಾಲ್ಕು ಬಾರಿ ಮಿನುಗುವುದು, ತುಸು ನಿಲ್ಲುವುದು, ಮತ್ತೆ ನಾಲ್ಕು ಬಾರಿ ಮಿನುಗುವುದು. ಬೂಟ್ ಆಗಲು, ಅಂದರೆ ಕಂಪ್ಯೂಟರ್ ಚಾಲೂ ಆಗಲು, ಬೇಕಾದ ಸ್ಟಾರ್ಟ್ ಫೈಲ್ ಸಿಗಲಿಲ್ಲ ಎಂಬುದರ ಸೂಚನೆ ಅದು. ಆಪರೇಟಿಂಗ್ ಸಿಸ್ಟಮ್‌ನ (ಓಎಸ್) ತಿರುಳಾದ ಕರ್ನಲ್ ಸಿಗದಿದ್ದರೆ ಏಳು ಬಾರಿ ಮಿನುಗುತ್ತದೆ.

ಪೈ 4 ಬೋರ್ಡಿನ ಮೊದಲ ಹಂತದ ಬೂಟ್‌ಲೋಡರ್ (ಚಾಲೂ ಮಾಡುವ ಪ್ರೋಗ್ರಾಂ) ಬೋರ್ಡಿನ ಮೇಲಿನ ಚಿಪ್‌ನಲ್ಲೇ ಇದ್ದರೂ, ಮುಂದಿನ ಫೈಲುಗಳನ್ನು ಅದು ಕಾರ್ಡಿನಲ್ಲಿ ಫ್ಯಾಟ್32 ಎಂಬ ಮಾದರಿಯಲ್ಲಿರುವ ವಿಭಾಗದಿಂದಲೇ ಓದಬೇಕು. ಕಾರ್ಡಿನೊಳಗಿನ ಫ್ಲಾಶ್ ಮೆಮೊರಿಯಲ್ಲಿ ಅಳಿಸುವ ಕೆಲಸ ದೊಡ್ಡ ದೊಡ್ಡ ಬ್ಲಾಕುಗಳಲ್ಲಿ ನಡೆಯುವುದರಿಂದ, ಒಂದು ಸಣ್ಣ ಲಾಗ್ ಬರೆಯುವಾಗ ವಿದ್ಯುತ್ ಕಡಿದರೂ ಅದಕ್ಕೆ ಸಂಬಂಧವೇ ಇಲ್ಲದ ಫೈಲುಗಳು ಹಾಳಾಗಬಹುದು. ಇಲ್ಲಿನ ಮಳೆಗಾಲದಲ್ಲಿ ಮರ ಬಿದ್ದು ಲೈನು ಕಡಿಯುವುದು ತೀರಾ ಸಾಮಾನ್ಯ. ಹಾಗಾಗಿ ಕಾರ್ಡಿನ ಆಯ್ಕೆ ನಮಗೆ ಸಣ್ಣ ವಿಷಯವಲ್ಲ.

ಈಗ ಹಾಕಿರುವ ಸ್ಯಾನ್‌ಡಿಸ್ಕ್ ಹೈ ಎಂಡ್ಯೂರೆನ್ಸ್ ಕಾರ್ಡನ್ನು ಕ್ಯಾಮೆರಾಗಳಲ್ಲಿ ಸತತವಾಗಿ ವಿಡಿಯೋ ಬರೆಯುವುದಕ್ಕೆಂದು ತಯಾರಿಸಿದ್ದಾರೆ. 64 ಜಿಬಿ ಕಾರ್ಡಿಗೆ ಕಂಪನಿ ಹೇಳುವ ಬಾಳಿಕೆ 5,000 ಗಂಟೆಗಳ ಫುಲ್ ಎಚ್‌ಡಿ ಚಿತ್ರೀಕರಣ. ಪೊಟ್ಟಣದ ಮೇಲಿರುವ ಸೆಕೆಂಡಿಗೆ 100 ಎಂಬಿ ಓದುವ ವೇಗಕ್ಕೆ ಮನಸೋಲಬೇಕಾಗಿಲ್ಲ, ಪೈ 4 ಬೋರ್ಡಿನ ಕಾರ್ಡ್ ಸ್ಲಾಟ್ 50 ಎಂಬಿಗಿಂತ ಹೆಚ್ಚು ಕೊಡುವುದಿಲ್ಲ. ಇದರ ನಿಜವಾದ ಕೊರತೆ ಬೇರೆ ಇದೆ: ಚದುರಿದ ಸಣ್ಣ ಫೈಲುಗಳನ್ನು ಓದಿ ಬರೆಯುವ ಸಾಮರ್ಥ್ಯವನ್ನು ಸೂಚಿಸುವ ಎ1 ಗುರುತು ಇದರ ಮೇಲಿಲ್ಲ. ಎ1 ಕಾರ್ಡ್ ಸೆಕೆಂಡಿಗೆ ಕನಿಷ್ಠ 1,500 ಓದು, 500 ಬರಹಗಳನ್ನು ನಿಭಾಯಿಸಬೇಕೆಂಬುದು ನಿಯಮ. ಡೆಸ್ಕ್‌ಟಾಪ್ ಆಗಿ ಬಳಸುವವರಿಗೆ ಆ ಗುರುತಿರುವ ಕಾರ್ಡೇ ಮೇಲು. ದಿನವಿಡೀ ಒಂದೇ ಪ್ರೋಗ್ರಾಂ ನಡೆಸುವ ನಮ್ಮಂಥವರಿಗೆ ಇದು ಧಾರಾಳ ಸಾಕು.

ಕಾರ್ಡಿಗೆ ಓಎಸ್ ತುಂಬುವ ಪೈ ಇಮೇಜರ್ ಪ್ರೋಗ್ರಾಂನಿಂದ ಓಎಸ್ ಬರೆದ ಮೊದಲ ಸಲವೇ ತಕರಾರಿಲ್ಲದೆ ಬೂಟ್ ಆಯಿತು. ಆದರೆ ಎಷ್ಟೇ ಬಾಳಿಕೆಯ ಕಾರ್ಡಾದರೂ ಬರೆಯುತ್ತಿರುವಾಗ ವಿದ್ಯುತ್ ಹೋದರೆ ಅಪಾಯ ಇದ್ದೇ ಇದೆ. ಆದ್ದರಿಂದ ಪೈನ ಸೆಟ್ಟಿಂಗ್ ಪ್ರೋಗ್ರಾಂ ಆದ ರಾಸ್ಪಿ-ಕಾನ್ಫಿಗ್‌ನಲ್ಲಿ, ಬರಹಗಳು ಕಾರ್ಡಿನ ಬದಲು ತಾತ್ಕಾಲಿಕ ಮೆಮೊರಿಗೆ ಹೋಗುವಂತೆ ಮಾಡುವ ಓವರ್‌ಲೇ ಫೈಲ್ ಸಿಸ್ಟಮ್ ಚಾಲೂ ಮಾಡಿ, ಮಳೆಯ ಲೆಕ್ಕವನ್ನು ಪೆನ್‌ಡ್ರೈವ್‌ಗೆ ಬರೆಯುವಂತೆ ಇಟ್ಟಿದ್ದೇನೆ. 5 ವೋಲ್ಟ್, 3 ಆಂಪಿಯರ್‌ನ ಒಳ್ಳೆಯ ಅಡಾಪ್ಟರ್ ಕೂಡ ಅಷ್ಟೇ ಅಗತ್ಯ. ಇಷ್ಟು ವ್ಯವಸ್ಥೆಯೊಂದಿಗೆ ಕಳೆದ ಇಡೀ ಮಳೆಗಾಲ, ಕರೆಂಟು ಬಂದಾಗಲೆಲ್ಲ ಬೋರ್ಡ್ ತಾನಾಗಿ ಎದ್ದು ಕೆಲಸಕ್ಕೆ ತೊಡಗಿದೆ.

ಸಾಧಾರಣ ಕಾರ್ಡಿಗಿಂತ ಬೆಲೆ ಹೆಚ್ಚಾದರೂ ತೋಟದಲ್ಲಿ, ಪಂಪ್‌ಹೌಸಿನಲ್ಲಿ ಬೋರ್ಡ್ ಇಡುವವರು ಇದನ್ನೇ ಕೊಳ್ಳಲಿ ಎನ್ನುತ್ತೇನೆ. ಈ ಹೆಸರಿನ ನಕಲಿ ಕಾರ್ಡುಗಳೂ ಮಾರಾಟವಾಗುವುದರಿಂದ ಬಿಲ್ ಪಡೆದುಕೊಳ್ಳಿ, ಓಎಸ್ ಬರೆಯುವ ಮುನ್ನ ಲಿನಕ್ಸ್‌ನ ಎಫ್3 ಪ್ರೋಗ್ರಾಂನಿಂದ ಕಾರ್ಡಿನ ಪೂರ್ಣ 64 ಜಿಬಿಯನ್ನೂ ತುಂಬಿಸಿ, ಓದಿ ಪರೀಕ್ಷಿಸಿಕೊಳ್ಳಿ.